ಮನೆಯ ನಕ್ಷೆ ಯಾರ ಕೈಯಲ್ಲಿ?

(ಗಿರಣಿ ಕಾರ್ಮಿಕರ ಗೃಹ ನಿರ್ಮಾಣ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಮೂರು ಶನಿವಾರ ಇದೇ ಸಭಾಭವನದ ಗೋಡೆಗೆ ಬಿಳಿ ಪಂಚೆ ಕಟ್ಟಿ ಚಲನಚಿತ್ರಗಳನ್ನು ತೋರಿಸಿದೆವು. ಅವುಗಳಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ. ಕಟ್ಟಡಗಳ ನಕ್ಷೆ ಹಾಕುವ ವಾಸ್ತುಶಿಲ್ಪಿಗಳ ಬಾಳನ್ನೂ ಕೆಲಸವನ್ನೂ ಕುರಿತ ಚಿತ್ರಗಳು ಅವು. ಭಾಷೆಯೂ ನಮ್ಮದಲ್ಲ. ನನ್ನ ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ತಿಳಿದಷ್ಟನ್ನು, ಮೊದಲೇ ಓದಿಕೊಂಡು ಬಂದಷ್ಟನ್ನು, ನಡುನಡುವೆ ಚಿತ್ರ ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಮೊದಲ ದಿನ ಚಿತ್ರ ಮುಗಿಯುತ್ತಲೇ ಸ್ಪಿನ್ನಿಂಗ್ ಖಾತೆಯ ಹಿರಿಯರೊಬ್ಬರು ಎದ್ದು ಕೇಳಿದರು: "ಮೇಷ್ಟ್ರೇ, ತುಟ್ಟಿಭತ್ಯದ ಬಾಕಿ ಇನ್ನೂ ಬಂದಿಲ್ಲ. ಇಂಥ ಹೊತ್ತಿನಾಗೆ ಅಮೆರಿಕದ ಇಂಜಿನಿಯರನ ಕತೆ ಕಟ್ಕೊಂಡು ನಮಗೇನಾಗ್ಬೇಕು?"

ನ್ಯಾಯವಾದ ಪ್ರಶ್ನೆ. ಅಂದು ನಾನು ಉತ್ತರ ಕೊಡಲಿಲ್ಲ. ಇಂದು ಕೊಡುತ್ತೇನೆ. ಏಕೆಂದರೆ ನಮ್ಮ 48 ಮನೆಗಳ ನಕ್ಷೆ ಇಂದು ಈ ಸಭೆಯ ಮುಂದೆ ಮಂಜೂರಾತಿಗಾಗಿ ಬಂದಿದೆ. ನೀವು ಕೈಯೆತ್ತುವುದಕ್ಕೆ ಮುಂಚೆ ಆ ಮೂರು ಚಿತ್ರಗಳನ್ನು ಇನ್ನೊಮ್ಮೆ ನೆನಪಿಗೆ ತಂದುಕೊಳ್ಳಬೇಕೆಂದು ನನ್ನ ಬಿನ್ನಹ.

ಮೊದಲನೆಯದು 2003ರಲ್ಲಿ ಬಂದ 'ಮೈ ಆರ್ಕಿಟೆಕ್ಟ್'. ಲೂಯಿ ಕಾನ್ ಎಂಬ ಅಮೆರಿಕದ ಪ್ರಸಿದ್ಧ ವಾಸ್ತುಶಿಲ್ಪಿಯನ್ನು ಕುರಿತು ಆತನ ಮಗ ನಥಾನಿಯಲ್ ತೆಗೆದ ಚಿತ್ರ. ಕಾನ್ ಹುಟ್ಟಿದ್ದು ಎಸ್ಟೋನಿಯಾದಲ್ಲಿ, 1901ರಲ್ಲಿ. ಬಡ ಯಹೂದಿ ಸಂಸಾರ. ಬಾಲ್ಯದಲ್ಲೇ ಅಮೆರಿಕಕ್ಕೆ ಹೋದರು. ನಮ್ಮ ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಇಟ್ಟಿಗೆಯ ಕಟ್ಟಡಗಳು ಅವರವೇ. 1974ರ ಮಾರ್ಚಿಯಲ್ಲಿ ಅಹಮದಾಬಾದಿನಿಂದ ಹಿಂತಿರುಗುವಾಗ ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹೆಣ ಯಾರದೆಂದು ಮನೆಯವರಿಗೆ ತಿಳಿಯುವುದಕ್ಕೇ ದಿನಗಳು ಹಿಡಿದವು. ಮೈತುಂಬ ಸಾಲ. ಮದುವೆಯಾಗದ ಹೆಣ್ಣಿನಲ್ಲಿ ಹುಟ್ಟಿದ್ದ ಮಗನಿಗೆ ಆಗ ಹನ್ನೊಂದು ವರ್ಷ. ಆ ಹುಡುಗ ದೊಡ್ಡವನಾದ ಮೇಲೆ ತಂದೆಯ ಗುರುತು ಹುಡುಕುತ್ತ, ತಂದೆಯನ್ನು ಬಲ್ಲವರನ್ನೆಲ್ಲ ಮಾತನಾಡಿಸುತ್ತ, ಕಟ್ಟಡದಿಂದ ಕಟ್ಟಡಕ್ಕೆ ಅಲೆಯುತ್ತಾನೆ. ಕೊನೆಗೆ ಬರುವುದು ಢಾಕಾಕ್ಕೆ, ಬಾಂಗ್ಲಾದೇಶದ ಸಂಸತ್ ಭವನಕ್ಕೆ.

ಆ ಭವನದ ಕೆಲಸವನ್ನು ಕಾನ್ ಅವರಿಗೆ ಒಪ್ಪಿಸಿದ್ದು 1962ರಲ್ಲಿ, ಪಾಕಿಸ್ತಾನದ ಸರಕಾರ. 1971ರ ಯುದ್ಧದಲ್ಲಿ ಕೆಲಸ ನಿಂತಿತು. ಹೊಸ ದೇಶ ಹುಟ್ಟಿತು; ಅರ್ಧ ಕಟ್ಟಿದ ಭವನವನ್ನು ಆ ಬಡ ದೇಶ ಮುಂದುವರಿಸಿತು. 1982ರಲ್ಲಿ ಅಲ್ಲಿ ಮೊದಲ ಅಧಿವೇಶನ ಕೂಡುವ ಹೊತ್ತಿಗೆ ನಕ್ಷೆ ಹಾಕಿದವರು ತೀರಿಕೊಂಡು ಎಂಟು ವರ್ಷವಾಗಿತ್ತು. ಚಿತ್ರದಲ್ಲಿ ಢಾಕಾದ ವಾಸ್ತುಶಿಲ್ಪಿ ಶಂಸುಲ್ ವಾರೆಸ್ ಕಣ್ಣೀರು ತುಂಬಿ ಕಾನ್ ಅವರ ಋಣವನ್ನು ನೆನೆಯುತ್ತಾರೆ. ನಮ್ಮಲ್ಲೂ ಹಲವರ ಕಣ್ಣು ತೇವವಾಯಿತು. ನನ್ನದೂ ಆಯಿತು, ಅದರಲ್ಲಿ ನಾಚಿಕೆಯೇನಿಲ್ಲ.

ಆದರೆ ಆ ಭವನದ ಗೋಡೆಯನ್ನು ನೆನಪಿಸಿಕೊಳ್ಳಿ. ಬೂದು ಕಾಂಕ್ರೀಟಿನ ಗೋಡೆಯುದ್ದಕ್ಕೂ ಐದೈದು ಅಡಿಗೆ ಒಂದು ಬಿಳಿ ಅಮೃತಶಿಲೆಯ ಪಟ್ಟಿ. ಅದು ಅಂದಕ್ಕೆ ಮಾತ್ರ ಹಾಕಿದ್ದಲ್ಲ. ಬಿದಿರ ಸಾರುವೆ ಹತ್ತಿ, ತಲೆಯ ಮೇಲೆ ಬುಟ್ಟಿ ಹೊತ್ತು, ಕೈಯಿಂದಲೇ ಕಾಂಕ್ರೀಟು ಸುರಿದ ಗೋಡೆ ಅದು. ಒಂದು ದಿನಕ್ಕೆ ಏರುತ್ತಿದ್ದುದು ಐದಡಿ. ಇಂದಿನ ಕೆಲಸ ಮುಗಿದಲ್ಲಿ, ನಾಳಿನ ಕೆಲಸ ತೊಡಗುವಲ್ಲಿ ಒಂದು ಬೆಸುಗೆ ಉಳಿಯುತ್ತದೆ. ಗಾರೆ ಬಳಿದು ಆ ಬೆಸುಗೆಯನ್ನು ಮರೆಮಾಡಬಹುದಾಗಿತ್ತು. ಕಾನ್ ಮರೆಮಾಡಲಿಲ್ಲ, ಬಿಳಿ ಕಲ್ಲಿಟ್ಟು ಎತ್ತಿ ತೋರಿಸಿದರು. ಅಂದರೆ ಆ ಗೋಡೆ ಕೂಲಿಕಾರರ ಹಾಜರಿ ಪುಸ್ತಕವಿದ್ದಂತೆ. ಇದಿಷ್ಟು ದಿನದ ದುಡಿಮೆ ಎಂದು ಕೆಳಗಿನಿಂದ ಮೇಲಿನವರೆಗೆ ಎಣಿಸಬಹುದು.

ಆದರೆ ಸಂಗಾತಿಗಳೇ, ಆ ಹಾಜರಿ ಪುಸ್ತಕದಲ್ಲಿ ದಿನಗಳಿವೆ, ಹೆಸರುಗಳಿಲ್ಲ. ಇಂಥ ಚಿತ್ರಗಳಲ್ಲಿ ಕುರ್ಚಿ ಹಾಕಿ ಮಾತನಾಡಿಸುವುದು ಹೆಚ್ಚಾಗಿ ನಕ್ಷೆ ಹಾಕಿದವರನ್ನು, ಅವರ ಸರೀಕರನ್ನು. ಬುಟ್ಟಿ ಹೊತ್ತವರಿಗೆ ಕುರ್ಚಿಯಿಲ್ಲ. ಕಾನ್ ಅವರ ಕಚೇರಿಯಲ್ಲೇ ದುಡಿದ ಆನ್ ಟಿಂಗ್ ಎಂಬ ವಾಸ್ತುಶಿಲ್ಪಿ ಆ ಚಿತ್ರದಲ್ಲಿ ಬರುತ್ತಾರೆ. ಅವರ ಬುದ್ಧಿಯೂ ಸೇರಿ ಆದ ಕೆಲಸಗಳು ಬಹುಕಾಲ ಒಬ್ಬ ಗಂಡಸಿನ ಹೆಸರಿನಲ್ಲೇ ನಡೆದವು. ಅಷ್ಟು ಓದಿದ ಹೆಣ್ಣಿನ ಪಾಡೇ ಹೀಗಾದರೆ ಬುಟ್ಟಿ ಹೊತ್ತವರ ಹೆಸರನ್ನು ಕೇಳುವವರಾರು?

ಹೀಗೆ ಹೇಳಿದ ಮಾತ್ರಕ್ಕೆ ನಕ್ಷೆಯವರ ಪ್ರತಿಭೆಯನ್ನು ನಾನು ತೆಗೆದುಹಾಕುತ್ತಿಲ್ಲ. ಕೈಕೆಲಸವೊಂದೇ ಕೆಲಸ, ತಲೆಕೆಲಸ ಸುಳ್ಳು ಎನ್ನುವುದು ಸಮಾಜವಾದವಲ್ಲ. ಸೀರೆಯ ಅಂಚಿಗೆ ವಿನ್ಯಾಸ ಬರೆದವನೂ ಬೇಕು, ಮಗ್ಗದಲ್ಲಿ ಎಳೆ ತುಂಡಾದೀತೆಂದು ಮೊದಲೇ ಅರಿಯುವವನೂ ಬೇಕು. ಆದರೆ ವಿನ್ಯಾಸ ಬರೆದದ್ದು ಮಾತ್ರ ಸೃಷ್ಟಿ, ನೇಯ್ದದ್ದು ಬರಿಯ ಕೂಲಿ ಎಂಬ ಲೆಕ್ಕವನ್ನು ನಾವು ಒಪ್ಪುವವರಲ್ಲ.

ಎರಡನೆಯ ಚಿತ್ರ 2008ರ 'ಕೂಲ್‌ಹಾಸ್ ಹೌಸ್‌ಲೈಫ್'. ತೆಗೆದವರು ಇಲಾ ಬೇಕಾ ಮತ್ತು ಲೂಯಿಸ್ ಲೆಮ್ವಾನ್. ಫ್ರಾನ್ಸಿನ ಬೋರ್ದೋ ನಗರದ ಬಳಿ 1998ರಲ್ಲಿ ಮುಗಿದ ಒಂದು ಮನೆ. ನಕ್ಷೆ ರೆಮ್ ಕೂಲ್‌ಹಾಸ್ ಎಂಬ ಜಗದ್ವಿಖ್ಯಾತರದು. ಮನೆಯ ಯಜಮಾನ ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡು ಗಾಲಿಕುರ್ಚಿ ಹಿಡಿದವರು. ಆದ್ದರಿಂದ ಮನೆಯ ನಡುವೆ ಒಂದು ಕೋಣೆಯಷ್ಟಗಲದ ವೇದಿಕೆಯೇ ಮೂರು ಅಂತಸ್ತಿಗೂ ಏರಿ ಇಳಿಯುವಂತೆ ಮಾಡಿದ್ದಾರೆ. ಒಬ್ಬ ಅಂಗವಿಕಲ ಮನುಷ್ಯನ ಕಷ್ಟವನ್ನು ಕೇಳಿ, ಆತನಿಗಾಗಿಯೇ ಮನೆಯನ್ನು ಹೊಸದಾಗಿ ಯೋಚಿಸಿದ ಬುದ್ಧಿ ಅದು. ಅದಕ್ಕೆ ನಮಸ್ಕಾರ ಹೇಳೋಣ.

ಆದರೆ ಚಿತ್ರ ತೆಗೆದವರು ಯಾರ ಹಿಂದೆ ಹೋದರು? ವಾಸ್ತುಶಿಲ್ಪಿಯ ಹಿಂದಲ್ಲ, ಯಜಮಾನರ ಹಿಂದಲ್ಲ. ಆ ಮನೆಯ ಕಸ ಗುಡಿಸುವ ಗ್ವಾದಲೂಪೆ ಅಸೇದೊ ಎಂಬಾಕೆಯ ಹಿಂದೆ. ಆಕೆ ಬಕೆಟ್ಟು ಬಟ್ಟೆಗಳೊಂದಿಗೆ ಆ ವೇದಿಕೆಯ ಮೇಲೆ ನಿಂತು ಏರಿ ಬರುವುದನ್ನು ಕಂಡಿರಿ. ಇಕ್ಕಟ್ಟಾದ ಸುರುಳಿ ಮೆಟ್ಟಿಲಿನಲ್ಲಿ ಕಸ ಹೀರುವ ಯಂತ್ರವನ್ನು ಎಳೆದುಕೊಂಡು ಹತ್ತುವುದನ್ನು ಕಂಡಿರಿ. ಜಗತ್ತೆಲ್ಲ ಕೊಂಡಾಡಿದ ಮನೆಯಲ್ಲಿ ಮಳೆನೀರು ಸೋರುವುದನ್ನೂ ಕಂಡಿರಿ. ಆಗ ಈ ಸಭಾಭವನದ ಎಡಗಡೆಯ ಸಾಲಿನಲ್ಲಿ ಎದ್ದ ನಗೆ ನನಗೆ ಇನ್ನೂ ಕಿವಿಯಲ್ಲಿದೆ. "ಅಯ್ಯೋ, ಅವಳೂ ನಮ್ಮಂಗೇ ಐದಾಳೆ ನೋಡ್ರವ್ವ!" ಎಂದರು ಒಬ್ಬ ತಾಯಿ. ಅದುವರೆಗೆ ಚಿತ್ರ ಅರ್ಥವಾಗದೆಂದು ಕೂತಿದ್ದವರಿಗೆ ಆ ಕ್ಷಣದಿಂದ ನನ್ನ ಕನ್ನಡ ಬೇಕಾಗಲಿಲ್ಲ.

ಮನೆಯ ಗುಣದೋಷವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅದನ್ನು ದಿನವೂ ಗುಡಿಸುವವರು. ಇದು ಆ ಚಿತ್ರ ನನಗೆ ಕಲಿಸಿದ ಪಾಠ.

ಮೂರನೆಯದು 2009ರ 'ದೋಶಿ'. ನಮ್ಮ ದೇಶದ ಬಾಲಕೃಷ್ಣ ದೋಶಿಯವರೊಂದಿಗಿನ ಮಾತುಕತೆ. ನಿರ್ದೇಶನ ಪ್ರೇಮ್‌ಜಿತ್ ರಾಮಚಂದ್ರನ್. ದೋಶಿಯವರು 1927ರಲ್ಲಿ ಪುಣೆಯಲ್ಲಿ, ಮರದ ಪೀಠೋಪಕರಣ ಮಾಡುವವರ ಮನೆತನದಲ್ಲಿ ಹುಟ್ಟಿದರು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ಕಲ್ಲುಗೋಡೆಯ ಕಟ್ಟಡಗಳು ಅವರವು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು. 2023ರ ಜನವರಿಯಲ್ಲಿ ತೀರಿಕೊಂಡರು.

ಚಿತ್ರ ಮುಗಿದ ಮೇಲೆ ಅವರ ಒಂದು ಕೆಲಸವನ್ನು ಕುರಿತು ನಾನು ಹೇಳಿದ್ದೆ. ಇಂದು ನಮಗೆ ಬೇಕಾದದ್ದು ಅದೇ. ಇಂದೂರಿನ 'ಅರಣ್ಯ' ಬಡಾವಣೆ, 1989ರದು; ಸುಮಾರು 6,500 ನಿವೇಶನಗಳು, ಅವುಗಳಲ್ಲಿ ಹೆಚ್ಚಿನವು ತೀರ ಬಡವರಿಗೆ. ಅತಿ ಚಿಕ್ಕ ನಿವೇಶನ 35 ಚದರ ಮೀಟರು, ನಮ್ಮ ಲೆಕ್ಕದಲ್ಲಿ ಸುಮಾರು 380 ಚದರ ಅಡಿ. ಬಡವರಿಗೆ ಪೂರ್ತಿ ಮನೆ ಕಟ್ಟಿ ಬೀಗದ ಕೈ ಕೊಡಲಿಲ್ಲ. ತಳಪಾಯ, ನೀರು, ಬಚ್ಚಲು, ಕಕ್ಕಸು, ವಿದ್ಯುತ್ತು, ಕೆಲವರಿಗೆ ಒಂದು ಕೋಣೆ. ಮುಂದಿನದನ್ನು ಕೈಯಲ್ಲಿ ಕಾಸು ಕೂಡಿದಂತೆ ಅವರವರೇ ಕಟ್ಟಿಕೊಳ್ಳಬೇಕು. ದೊಡ್ಡ ನಿವೇಶನಗಳನ್ನು ಉಳ್ಳವರಿಗೆ ಮಾರಿ ಬಂದ ಹಣ ಬಡವರ ಭಾಗಕ್ಕೆ ನೆರವಾಯಿತು. ಹೀಗೂ ಕಟ್ಟಬಹುದೆಂದು ತೋರಿಸಲು 80 ಮಾದರಿ ಮನೆಗಳನ್ನು ಮಾತ್ರ ಕಟ್ಟಿದರು. ಆಮೇಲೆ ಜನ ತಮಗೆ ತಿಳಿದಂತೆ ಜಗಲಿ ಹಾಕಿದರು, ಹೊರಮೆಟ್ಟಿಲು ಏರಿಸಿದರು, ಮುಂಬದಿಯಲ್ಲಿ ಅಂಗಡಿ ತೆರೆದರು. ಅಲ್ಲಿ ಬಡವನೂ ನಕ್ಷೆಗಾರನಾದ. 1995ರಲ್ಲಿ ಆ ಬಡಾವಣೆಗೆ ಆಗಾ ಖಾನ್ ಪ್ರಶಸ್ತಿ ಬಂದಿತು.

ಇನ್ನು ನಮ್ಮ ನಕ್ಷೆಗೆ ಬರೋಣ.

ಏಳು ಜನರ ಸಮಿತಿ ಅದನ್ನು ಒಪ್ಪಿ ಸಹಿ ಹಾಕಿದೆ. ಏಳೂ ಜನ ಗಂಡಸರು. ಏಳನೆಯ ಸಹಿ ನನ್ನದು. ಕಾಗದದ ಮೇಲೆ ನೀಟಾಗಿತ್ತು, ಲೆಕ್ಕ ಸರಿಯಾಗಿತ್ತು, ಹಾಕಿದೆ. ಎರಡನೆಯ ಶನಿವಾರದ ಆ ನಗೆ ಕೇಳಿದ ಮೇಲೆ ಮನೆಗೆ ಹೋಗಿ ನಕ್ಷೆಯನ್ನು ಮತ್ತೆ ಬಿಡಿಸಿದೆ. ಆ ರಾತ್ರಿ ಕಂಡದ್ದನ್ನು ಹೇಳುತ್ತೇನೆ.

ಮಲಗುವ ಕೋಣೆ ಬೀದಿಗೆ ಅಂಟಿಕೊಂಡಿದೆ. ಮೂರನೆಯ ಪಾಳಿ ಮುಗಿಸಿ ಬೆಳಿಗ್ಗೆ ಬಂದವರು ಹಗಲು ಮಲಗುವುದೆಲ್ಲಿ? ಅಡಿಗೆಮನೆಗೆ ಇರುವ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಯನ್ನು ನೋಡುತ್ತದೆ. ಒಗ್ಗರಣೆಯ ಹೊಗೆ ಹೋಗುವುದೆಲ್ಲಿ? ಮುಂಭಾಗ ಅಂದವಾಗಿರಲೆಂದು ಜಗಲಿಯನ್ನೇ ತೆಗೆದುಹಾಕಿದೆ. ಈ ಸಂಘದ ಸದಸ್ಯರಲ್ಲಿ ತರಕಾರಿ ಮಾರುವವರಿದ್ದಾರೆ, ಹೊಲಿಗೆ ಯಂತ್ರ ಇಟ್ಟವರಿದ್ದಾರೆ, ಬೀಡಿ ಕಟ್ಟುವವರಿದ್ದಾರೆ. ಅವರಿಗೆ ಜಗಲಿಯೇ ಅಂಗಡಿ, ಅಂಗಡಿಯೇ ಅನ್ನ. ತಾರಸಿಗೆ ಮೆಟ್ಟಿಲಿಲ್ಲ. ನಾಳೆ ಮಗನ ಮದುವೆಯಾದರೆ ಮೇಲೊಂದು ಕೋಣೆ ಎಬ್ಬಿಸಲು ತಳಪಾಯದಲ್ಲಿ ಬಲ ಬಿಟ್ಟಿಲ್ಲ.

ಇದು ಇಂಜಿನಿಯರರ ತಪ್ಪೆಂದು ನಾನು ಹೇಳುವುದಿಲ್ಲ. ನಾವು ಏಳು ಜನ ಅವರಿಗೆ ಹೇಳಿದ್ದು ಎರಡೇ ಮಾತು: ಎಷ್ಟು ಮನೆ, ಎಷ್ಟು ದುಡ್ಡು. ಕೇಳದ ಪ್ರಶ್ನೆಗೆ ಅವರು ಹೇಗೆ ಉತ್ತರ ಬರೆದಾರು?

ಹಾಗಾದರೆ ತಡವಾಗುವುದಿಲ್ಲವೆ, ಸಿಮೆಂಟಿನ ಬೆಲೆ ಏರುವುದಿಲ್ಲವೆ ಎಂದು ಖಜಾಂಚಿಯವರು ಕೇಳುತ್ತಿದ್ದಾರೆ. ಏರಬಹುದು. ಅವರ ಆತಂಕ ಸುಳ್ಳಲ್ಲ. ಒಂದೊಂದು ರೂಪಾಯಿಯೂ ನಿಮ್ಮ ಸಂಬಳದಿಂದ ಮುರಿದದ್ದು. ಆದರೆ ಕಾಗದದ ಮೇಲಿನ ಗೆರೆಯನ್ನು ಅಳಿಸಲು ಒಂದು ರಬ್ಬರು ಸಾಕು. ಕಟ್ಟಿದ ಗೋಡೆಯನ್ನು ಒಡೆಯಲು ಹಾರೆ ಬೇಕು, ಕೂಲಿ ಬೇಕು. ಖರ್ಚು ಇಳಿಸುವ ದಾರಿಯೂ ಇದೆ. ಕೇರಳದಲ್ಲಿ ಬಡವರಿಗಾಗಿ ಮನೆ ಕಟ್ಟಿದ ಲಾರಿ ಬೇಕರ್ ಅವರು ಇಟ್ಟಿಗೆಯನ್ನು ಅಡ್ಡ ಮಲಗಿಸದೆ ಪಕ್ಕಕ್ಕೆ ನಿಲ್ಲಿಸಿ, ಗೋಡೆಯೊಳಗೆ ಪೊಳ್ಳು ಬಿಟ್ಟು ಕಟ್ಟಿಸುತ್ತಿದ್ದರು. ಹೆಚ್ಚುಕಡಿಮೆ ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಒಳಗೆ ಬಿಸಿಲ ಝಳವೂ ತಗ್ಗುತ್ತದೆ. ನಮ್ಮ ನೆಲಕ್ಕೆ, ನಮ್ಮ ಇಟ್ಟಿಗೆಗೆ ಅದು ಒಗ್ಗುವುದೇ ಎಂದು ಇಂಜಿನಿಯರರನ್ನೂ ಗಾರೆ ಮೇಸ್ತ್ರಿಗಳನ್ನೂ ಕೂಡಿಸಿ ಕೇಳೋಣ.

ನನ್ನ ಸೂಚನೆ ಇಷ್ಟೆ. ಇಂದು ಮಂಜೂರಾತಿಯ ಮತ ಹಾಕುವುದು ಬೇಡ. ಬರುವ ಭಾನುವಾರ ಎಲ್ಲರೂ ನಿವೇಶನಕ್ಕೆ ಬನ್ನಿ. ಎರಡು ಚೀಲ ಸುಣ್ಣದ ಪುಡಿ ತಂದು, ನಕ್ಷೆಯಲ್ಲಿರುವ ಮನೆಯನ್ನು ಅಷ್ಟೇ ಅಳತೆಯಲ್ಲಿ ನೆಲದ ಮೇಲೆ ಬರೆಯೋಣ. ಮನೆಯ ಹೆಂಗಸರು ಆ ಗೆರೆಗಳ ನಡುವೆ ನಡೆದು ನೋಡಲಿ. ಇಲ್ಲಿ ಒಲೆ, ಇಲ್ಲಿ ತೊಟ್ಟಿಲು, ಇಲ್ಲಿ ಕಾಯಿಲೆಯ ಅತ್ತೆಯ ಹಾಸಿಗೆ ಎಂದು ನಿಂತು ಅಳೆಯಲಿ. ಗೆರೆ ಸರಿಯಿಲ್ಲದ ಕಡೆ ಕಾಲಿನಿಂದ ಒರೆಸಿ ಬೇರೆ ಎಳೆಯಲಿ. ಇಂಜಿನಿಯರರು ಪಕ್ಕದಲ್ಲೇ ನಿಂತು ಬರೆದುಕೊಳ್ಳಲಿ. ಬರುವುದಾಗಿ ಅವರೂ ಒಪ್ಪಿದ್ದಾರೆ. ಸಮಿತಿಗೆ ಇನ್ನು ಮೂವರು ಹೆಂಗಸರನ್ನು ಈ ಸಭೆಯೇ ಆರಿಸಲಿ. ಒಂದು ತಿಂಗಳ ನಂತರ ತಿದ್ದಿದ ನಕ್ಷೆ ಬರಲಿ; ಆಗ ಮತ ಹಾಕೋಣ.

ಮೊದಲ ದಿನ ಪ್ರಶ್ನೆ ಕೇಳಿದ ಹಿರಿಯರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರಿಗೆ ನನ್ನ ಉತ್ತರವೂ ಇದೇ. ತುಟ್ಟಿಭತ್ಯದ ಬಾಕಿಗಾಗಿ ನಾಳೆ ಗೇಟಿನ ಮುಂದೆ ನಿಲ್ಲುತ್ತೇವೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಗಿರಣಿಯ ಯಂತ್ರ ಎಲ್ಲಿರಬೇಕು, ಪಾಳಿ ಎಷ್ಟು ಹೊತ್ತಿಗೆ ಎಂದು ಒಂದು ದಿನವೂ ನಮ್ಮನ್ನು ಕೇಳಿದವರಿಲ್ಲ. ಮಾಲೀಕರು ಕೇಳುವುದಿಲ್ಲವೆಂದು ಅವರ ಮೇಲೆ ಸಿಟ್ಟಾಗುವ ನಾವು, ನಮ್ಮದೇ ಸಂಘದಲ್ಲಿ, ನಮ್ಮದೇ ದುಡ್ಡಿನಲ್ಲಿ ಕಟ್ಟುವ ಮನೆಗೆ ನಮ್ಮ ಹೆಂಗಸರನ್ನು ಕೇಳದೆ ಹೋದರೆ ನಮಗೂ ಮಾಲೀಕರಿಗೂ ವ್ಯತ್ಯಾಸವೇನು?

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಬಿಸಿಲೇರುವ ಮುಂಚೆ ಬನ್ನಿ. ಸುಣ್ಣದ ಪುಡಿಯ ಖರ್ಚು ಏಳು ಸಹಿ ಹಾಕಿದವರದು.