ಗೆರೆಗೆ ಕೂಲಿ ಕೊಡುವವರು ಯಾರು?

ಕಳೆದ ಬೇಸಗೆಯಲ್ಲಿ ನಮ್ಮ ಕಳ್ಳಂಬೆಳ್ಳದ ಕಡೆಯ ತಾಯಿಯೊಬ್ಬರು ನನ್ನ ಮನೆಯ ಜಗಲಿಯ ಮೇಲೆ ಕುಳಿತು ಒಂದು ಪ್ರಶ್ನೆ ಕೇಳಿದರು. ಅವರ ಮಗಳು ನನ್ನ ತರಗತಿಯ ಹುಡುಗಿ. ವ್ಯಾಕರಣದ ನೋಟುಪುಸ್ತಕದ ಅಂಚಿನಲ್ಲೆಲ್ಲ ಬಳ್ಳಿ ಬಿಡಿಸುವವಳು. ಮುಂದೆ ‘ಡಿಸೈನ್’ ಓದುತ್ತೇನೆಂದು ಹಟ ಹಿಡಿದಿದ್ದಳು. ತಾಯಿ ಕೇಳಿದ್ದು ಇಷ್ಟೆ: “ಮೇಷ್ಟ್ರೆ, ಗೆರೆ ಎಳ್ಕಂಡು ಕೂತ್ರೆ ಹೊಟ್ಟೆ ತುಂಬ್ತೈತಾ? ಎಷ್ಟು ಸಂಬ್ಳ ಕೊಡ್ತಾರೆ, ಅದ್ನ ಮೊದ್ಲು ಹೇಳಿ.”

ಸಂಧಿ ಸಮಾಸಗಳನ್ನು ಕೇಳಿದ್ದರೆ ತಟ್ಟನೆ ಹೇಳುತ್ತಿದ್ದೆ. ಇದಕ್ಕೆ ಉತ್ತರ ತಿಳಿಯದೆ, “ನಾಲ್ಕು ದಿನ ಬಿಟ್ಟು ಬನ್ನಿ, ತಾಯಿ” ಎಂದು ಕಳುಹಿಸಿದೆ. ಆ ನಾಲ್ಕು ದಿನಗಳಲ್ಲಿ ನಾನು ವಿಚಾರಿಸಿ ತಿಳಿದುದನ್ನು ನಿಮ್ಮ ಮುಂದಿಡುತ್ತೇನೆ. ನಿಮ್ಮ ಮನೆಯಲ್ಲಿಯೂ ಇಂಥ ಮಗುವಿರಬಹುದು.

ಪಂಡಿತನಾದುದರಿಂದ ಶಬ್ದದಿಂದಲೇ ಹೊರಟೆ. ‘ನ್ಯಾಸ’ವೆಂದರೆ ಇಡುವುದು. ‘ವಿನ್ಯಾಸ’ವೆಂದರೆ ವಿಶೇಷವಾಗಿ, ಕ್ರಮವಾಗಿ ಇಡುವುದು. ಕವಿ ಪದಗಳನ್ನು ಇಡುತ್ತಾನೆ, ವಿನ್ಯಾಸಕಾರ ಗೆರೆಗಳನ್ನು ಇಡುತ್ತಾನೆ. ಹಳಗನ್ನಡದಲ್ಲಿ ಶಿಲ್ಪಿಗೆ ‘ರೂವಾರಿ’ ಎಂದು ಹೆಸರು. ಬೇಲೂರಿಗೆ ಹೋದವರು ನೋಡಿರಬಹುದು, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನೂ ಕಡೆದಿದ್ದಾರೆ. ಒಂಬೈನೂರು ವರ್ಷಗಳಾದರೂ ಆ ಹೆಸರು ಅಳಿದಿಲ್ಲ.

ಕಲ್ಲಿನ ಕೆಲಸದವನಿಗೆ ದೊರೆತ ಈ ಭಾಗ್ಯ ನೂಲಿನ ಕೆಲಸದವರಿಗೆ ದೊರೆಯಲಿಲ್ಲ. ನಮ್ಮ ಶಿರಾ ಸೀಮೆ ಕುರಿಯ ಸೀಮೆ, ಕಂಬಳಿಯ ಸೀಮೆ. ಕರಿಯ ಕಂಬಳಿಗೆ ಬಿಳಿಯ ಅಂಚು ಎಷ್ಟು ಎಳೆಯಿರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಅಜ್ಜಿ ಗೊತ್ತುಮಾಡಿದಳೋ ಯಾರು ಬಲ್ಲರು? ಉಣ್ಣೆ ನೂತುದಕ್ಕೆ ಬೆಲೆಯುಂಟು, ನೇಯ್ದುದಕ್ಕೆ ಬೆಲೆಯುಂಟು, ಅಂಚನ್ನು ಯೋಚಿಸಿದುದಕ್ಕೆ ಬೆಲೆಯಿಲ್ಲ. ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ವರದಿ ಒಪ್ಪಿಸಿದಾಗ, ತಾವು ಈ ದೇಶದಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ನಮ್ಮ ಚೊಂಬನ್ನೇ ಎತ್ತಿ ಹೊಗಳಿದರು. ಆ ಚೊಂಬನ್ನು ರೂಪಿಸಿದವನು ಒಬ್ಬನಲ್ಲ, ತಲೆಮಾರುಗಳು ಸೇರಿ ರೂಪಿಸಿದುವು. ಹೆಸರಿಲ್ಲದ ಕೆಲಸ, ಆದುದರಿಂದ ಸಂಬಳವೂ ಇಲ್ಲ.

ನೆರೆಯ ಪಾವಗಡ ತಾಲ್ಲೂಕಿನ ವೈ. ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಇಂಥ ಸೀರೆಯ ಅಂಚಿನ ಹಂಸ ಮಗ್ಗಕ್ಕೆ ಬರುವ ಮೊದಲು ಚೌಕುಳಿ ಕಾಗದದ ಮೇಲೆ ಹುಟ್ಟಬೇಕು. ಒಂದೊಂದು ಚೌಕವೂ ಒಂದೊಂದು ಎಳೆಯ ಲೆಕ್ಕ. ಆ ನಕ್ಷೆಯಂತೆ ರಟ್ಟುಗಳಿಗೆ ತೂತು ಹೊಡೆದು ಜಕಾರ್ಡಿಗೆ ಪೋಣಿಸಿದರೆ ಹಂಸ ಸೀರೆಗೆ ಇಳಿಯುತ್ತದೆ. ಈಗ ಈ ಕೆಲಸವನ್ನು ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ಮಾಡುವುದುಂಟು. ನಕ್ಷೆ ಬರೆದವನು ಒಮ್ಮೆ ಕೂಲಿ ಪಡೆದರೆ ಮುಗಿಯಿತು. ಆಮೇಲೆ ಅದೇ ಹಂಸ ನೂರು ಸೀರೆಗಳ ಮೇಲೆ ಈಜಿದರೂ ಅವನಿಗೆ ಸಂಬಂಧವಿಲ್ಲ. 2000ದ ವಿನ್ಯಾಸ ಕಾಯಿದೆ ನೋಂದಾಯಿತ ಹೊಸ ವಿನ್ಯಾಸಕ್ಕೆ ಹತ್ತು ವರ್ಷ, ಮತ್ತೆ ಐದು ವರ್ಷ ರಕ್ಷಣೆ ಕೊಡುತ್ತದೆ, ನಿಜ. ಆದರೆ ಹಣ ಕೊಟ್ಟು ಬರೆಯಿಸಿಕೊಂಡವನನ್ನೇ ಅದು ಒಡೆಯನೆಂದು ಎಣಿಸುತ್ತದೆ.

ಮಗ್ಗದ ಮನೆಯ ಗಳಿಕೆ ಎಷ್ಟೆಂಬುದನ್ನು 2019–20ರ ಕೈಮಗ್ಗ ಗಣತಿ ಹೇಳಿದೆ. ದೇಶದಲ್ಲಿ ಸುಮಾರು 31 ಲಕ್ಷ ಕೈಮಗ್ಗದ ಮನೆಗಳು. ಮೂರರಲ್ಲಿ ಸುಮಾರು ಎರಡು ಪಾಲು ಮನೆಗಳ ತಿಂಗಳ ವರಮಾನ ಐದು ಸಾವಿರ ರೂಪಾಯಿಗೂ ಕಡಿಮೆ. ಕೆಲಸಗಾರರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು.

ಇನ್ನು ‘ಡಿಸೈನರ್’ ಎಂದು ಹೆಸರಿಟ್ಟು ಸಂಬಳ ಕೊಡುವ ಕಡೆಯನ್ನು ನೋಡಿ. ಅಮೆರಿಕದ ಸರ್ಕಾರದ 2024ರ ಲೆಕ್ಕದಂತೆ ಅಲ್ಲಿಯ ಗ್ರಾಫಿಕ್ ಡಿಸೈನರನ ಮಧ್ಯಮ ವೇತನ ವರ್ಷಕ್ಕೆ 61 ಸಾವಿರ ಡಾಲರಿನ ಸುಮಾರು. ಉಡುಪಿನ ವಿನ್ಯಾಸಕಾರನದು 80 ಸಾವಿರದ ಸುಮಾರು. ಕಂಪ್ಯೂಟರಿನ, ಮೊಬೈಲಿನ ಪರದೆಯನ್ನು ರೂಪಿಸುವವನದು ಇನ್ನೂ ಹೆಚ್ಚು. ಗೆರೆ ಒಂದೇ, ಯಾವುದರ ಮೇಲೆ ಎಳೆದರೆಂಬುದರಿಂದ ಬೆಲೆ ಬದಲಾಗುತ್ತದೆ. ಇನ್ನೊಂದು ಮಾತು. ಬ್ರಿಟನ್ನಿನ ಡಿಸೈನ್ ಕೌನ್ಸಿಲ್ 2022ರಲ್ಲಿ ಪ್ರಕಟಿಸಿದ ವರದಿಯಂತೆ ಅಲ್ಲಿ ಈ ಕಸಬಿನಲ್ಲಿರುವವರಲ್ಲಿ ನೂರಕ್ಕೆ 77 ಮಂದಿ ಗಂಡಸರು. ಸಂಬಳವಿಲ್ಲದೆ ಅಂಚು ಯೋಚಿಸಿದವಳು ಅಜ್ಜಿ. ಸಂಬಳ ಬಂದ ಕಡೆ ಮೊಮ್ಮಗಳಿಗೆ ಜಾಗ ಸಾಲದು! ಇದು ನಾವೆಲ್ಲರೂ ಯೋಚಿಸಬೇಕಾದ ವಿಷಯ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಇಪ್ಪತ್ತೆರಡು ವರ್ಷಗಳ ಹಿಂದೆ, ಪಾಠದ ನಡುವೆ ಚಿತ್ರ ಬಿಡಿಸುತ್ತಿದ್ದ ಹುಡುಗನೊಬ್ಬನ ಪುಸ್ತಕ ಕಿತ್ತುಕೊಂಡು, “ಗೆರೆ ಬಿಡು, ಅಕ್ಷರ ಹಿಡಿ” ಎಂದು ಗದರಿಸಿದ್ದೆ. ಮೊನ್ನೆ ನನ್ನ ಮಗಳ ಲಗ್ನಪತ್ರಿಕೆ ಅಚ್ಚಾಗಿ ಬಂತು. ಬಹಳ ಚೆಂದವಾಗಿತ್ತು. ತಂದುಕೊಟ್ಟವನು ಮೆಲ್ಲನೆ, “ಸಾರ್, ಇದು ನಾನೇ ಮಾಡಿದ್ದು” ಎಂದ. ನೋಡಿದರೆ ಅದೇ ಹುಡುಗ. ಅಚ್ಚಿನ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಡಿ.ಟಿ.ಪಿ. ಹುಡುಗ’ ಎಂದು. ನಲವತ್ತರ ಹತ್ತಿರ ಬಂದರೂ ಹುಡುಗನೇ. ಹೆಸರಿನಷ್ಟೇ ಸಂಬಳ. ಪತ್ರಿಕೆಯ ಕೆಳಗೆ ಅಂಗಡಿಯ ಹೆಸರಿತ್ತು, ಅವನ ಹೆಸರಿರಲಿಲ್ಲ. ಅಂದು ನಾನು ಅವನಿಗೆ ದಾರಿ ತೋರಿಸಿದ್ದರೆ ಏನಾಗುತ್ತಿತ್ತೆಂದು ಆ ರಾತ್ರಿ ನಿದ್ರೆ ಬರಲಿಲ್ಲ.

ದಾರಿ ಅಂದೂ ಇತ್ತು. ಈಮ್ಸ್ ವರದಿಯ ಫಲವಾಗಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿಯೇ ಹುಟ್ಟಿತ್ತು. ಉಡುಪಿನ ವಿನ್ಯಾಸ ಕಲಿಸುವ ರಾಷ್ಟ್ರೀಯ ಸಂಸ್ಥೆ ‘ನಿಫ್ಟ್’ 1986ರಲ್ಲಿ ದೆಹಲಿಯಲ್ಲಿ ತೊಡಗಿ ಬೆಂಗಳೂರಿಗೂ ಬಂದಿತ್ತು. ಪಿ.ಯು.ಸಿ.ಯಲ್ಲಿ ಯಾವ ವಿಷಯ ಓದಿದವರಾದರೂ ವಿನ್ಯಾಸದ ಪದವಿಗೆ ಪ್ರವೇಶ ಪರೀಕ್ಷೆ ಬರೆಯಬಹುದು. ಆದರೆ ನಿಫ್ಟ್ ಪ್ರಶ್ನಪತ್ರಿಕೆ ಇಂಗ್ಲಿಷ್ ಹಿಂದಿಗಳಲ್ಲಿ ಬರುತ್ತದೆಯೇ ಹೊರತು ಕನ್ನಡದಲ್ಲಿ ಬರುವುದಿಲ್ಲ. ನಾಲ್ಕು ವರ್ಷದ ಶುಲ್ಕವೋ ಲಕ್ಷಗಳ ಲೆಕ್ಕ. ಗೆರೆಗೆ ಭಾಷೆಯಿಲ್ಲ, ಗೆರೆಯ ಪರೀಕ್ಷೆಗೆ ಮಾತ್ರ ಭಾಷೆಯುಂಟು! ಅಷ್ಟು ದೂರ ಹೋಗಲಾರದವರಿಗೆ ಗದಗ-ಬೆಟಗೇರಿಯ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಲ್ಲಿ ಡಿಪ್ಲೊಮಾ ಉಂಟು. ಶಾಲೆಯಲ್ಲಿರುವಾಗಲೇ ರಾಜ್ಯದ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳನ್ನು ಕಟ್ಟಿಸಿದರೆ ಮಗುವಿನ ಕೈಯ ಅಳತೆ ತಿಳಿಯುತ್ತದೆ.

ನಾಲ್ಕು ದಿನದ ಮೇಲೆ ಆ ತಾಯಿ ಬಂದರು. ನಾನು ಹೇಳಿದೆ: “ತಾಯಿ, ಸಂಬಳ ಇಷ್ಟೇ ಎಂದು ಹೇಳಲಾರೆ. ಹೆಸರಿಲ್ಲದ ಕಡೆ ಕೂತರೆ ಕೂಲಿ, ಹೆಸರಿರುವ ಕಡೆ ಕೂತರೆ ಸಂಬಳ. ಅಲ್ಲಿಗೆ ಹೋಗಿ ಮುಟ್ಟಲು ಇಂಗ್ಲಿಷೂ ಬೇಕು, ಹಣವೂ ಬೇಕು. ಇಂಗ್ಲಿಷ್ ಸಂಜೆ ಹೊತ್ತು ನಮ್ಮ ಮನೆಯಲ್ಲಿ ಕಲಿಯಲಿ. ಹಣಕ್ಕೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ನಾನೇ ಬರೆದು ಕೊಡುತ್ತೇನೆ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ಒಂದು ಕಂಬಳಿ ತೆಗೆದರು. ಅಂಚಿನ ಮೂಲೆಯಲ್ಲಿ ಬಿಳಿಯ ಎಳೆಯ ಸಣ್ಣದೊಂದು ಬಳ್ಳಿಯಿತ್ತು. “ಇದ್ನ ಅವ್ಳೇ ಹೇಳ್ಕೊಟ್ಟು ಅವ್ರಪ್ಪನ ಕೈಲಿ ನೇಯ್ಸವ್ಳೆ. ಸಂತೇಲಿ ಮೊದ್ಲು ಮಾರಿದ್ದು ಇಂಥದ್ದೇ” ಎಂದರು.

ಆ ಬಳ್ಳಿ ನಾನು ಕಂಡದ್ದೇ. ನನ್ನ ವ್ಯಾಕರಣದ ಪಾಠ ನಡೆಯುತ್ತಿರುವಾಗ ಅವಳು ನೋಟುಪುಸ್ತಕದ ಅಂಚಿನಲ್ಲಿ ಬಿಡಿಸುತ್ತಿದ್ದದ್ದು ಅದನ್ನೇ. ಈ ಸಲ ನಾನು ಪುಸ್ತಕ ಕಿತ್ತುಕೊಂಡಿರಲಿಲ್ಲ.