ಅನುಭವದ ಬುತ್ತಿ

(ಭದ್ರಾವತಿಯಲ್ಲಿ ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಕಳೆದ ಕೆಲವು ದಿನಗಳಿಂದ ಅನುಭವ ಮಂಟಪದ ವಿಚಾರವನ್ನು ಇಲ್ಲಿ ಚಿಂತಿಸುತ್ತ ಬಂದಿದ್ದೇವೆ. ಅಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದ, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದ, ಕಟ್ಟಿಗೆ ಮಾರುವ ಮೋಳಿಗೆಯ ಮಾರಯ್ಯನಿದ್ದ. ಒಬ್ಬರ ಬದುಕನ್ನು ಇನ್ನೊಬ್ಬರು ಕಂಡರು, ಕೇಳಿದರು, ಪ್ರಶ್ನೆ ಮಾಡಿದರು, ಅದರಿಂದ ಬೆಳೆದರು. ಆ ಮಂಟಪದ ಹಿರಿಯರಾದ ಅಲ್ಲಮಪ್ರಭುಗಳು ನಮ್ಮ ಬಳ್ಳಿಗಾವಿಯವರು. ಅಕ್ಕಮಹಾದೇವಿ ನಮ್ಮ ಉಡುತಡಿಯ ಮಗಳು. ಎರಡೂ ಊರುಗಳು ಈಗಿನ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಈ ನೆಲದ ಮಕ್ಕಳಾದ ಅವರು ಊರಿನ ಎಲ್ಲೆಯನ್ನು ದಾಟಿ ನಡೆದದ್ದರಿಂದ ನಾಡೇ ಅವರ ಹಿಂದೆ ನಡೆಯಿತು.

ಈಗ ನಿಮ್ಮನ್ನು ಒಂದು ಮಾತು ಕೇಳುತ್ತೇವೆ. ನಿಮ್ಮ ಓಣಿಯ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುವ ಮಗು ಎಷ್ಟು ಲೋಕ ಕಂಡಿದೆ? ಮನೆ, ಶಾಲೆ, ಅಂಗಡಿ, ಕೈಯಲ್ಲಿನ ಮೊಬೈಲು, ಇಷ್ಟೇ ಅಲ್ಲವೇ? ಭದ್ರೆಯ ದಡದಲ್ಲಿ ಹುಟ್ಟಿ ಬೆಳೆದು, ಆ ಭದ್ರೆ ತುಂಗೆಯನ್ನು ಕೂಡುವ ಕೂಡಲಿಯನ್ನೇ ಕಾಣದ ಮಕ್ಕಳಿದ್ದಾರೆ. ಮಗು ಕಾಣದ್ದನ್ನು ಹೇಗೆ ಬಯಸೀತು?

ಹಿಂದೆ ಈ ಊರಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಗಿ, 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹೊರಬಂತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅಪ್ಪ ಪಾಳಿಗೆ ಹೋಗುವುದನ್ನು ಮಗ ನೋಡುತ್ತಿದ್ದ. ನಾಳೆ ತಾನೂ ಅದೇ ಗೇಟಿನೊಳಗೆ ಹೋಗುವೆನೆಂದುಕೊಳ್ಳುತ್ತಿದ್ದ. ಆ ಕನಸು ಚಿಕ್ಕದಾದರೂ ಗಟ್ಟಿಯಾಗಿತ್ತು. 2015ರಲ್ಲಿ ಕಾಗದದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಅದೇ ವರ್ಷ ಕೆಲವು ಕೆಲಸ ಮತ್ತೆ ಆರಂಭವಾದರೂ ಊರಿನ ಮನಸ್ಸಿನ ಅಳುಕು ಹೋಗಿಲ್ಲ. ಮನೆಯಲ್ಲಿ ಹಿರಿಯರು ನಿಟ್ಟುಸಿರು ಬಿಡುವುದನ್ನು ಮಗು ಕೇಳಿಸಿಕೊಳ್ಳುತ್ತದೆ. "ನಮ್ಮಂಥವರಿಗೆ ಇನ್ನೇನಿದೆ" ಎಂಬ ಮಾತು ಅದರ ಎದೆಯಲ್ಲಿ ಬೇರೂರುತ್ತದೆ. ಅಪ್ಪನ ಕೆಲಸ ಹೋದ ಮನೆಯಲ್ಲಿ ಮಗುವಿನ ಕನಸೂ ಹೋಗಬಾರದು. ಕಾರ್ಖಾನೆಯ ಬೆಂಕಿ ಆರಿದರೆ ಇನ್ನೊಮ್ಮೆ ಹೊತ್ತಿಸಬಹುದು. ಎಳೆಯ ಮನಸ್ಸಿನ ಬೆಂಕಿ ಆರಿದರೆ ಹೊತ್ತಿಸುವುದು ಬಹಳ ಕಷ್ಟ.

"ಬುದ್ಧಿ, ಆಸೆ ಬಿಡಿರೆಂದು ನೀವೇ ಹೇಳುತ್ತೀರಿ, ಈಗ ಮಕ್ಕಳಲ್ಲಿ ಆಸೆ ಹುಟ್ಟಿಸಿರೆನ್ನುತ್ತೀರಲ್ಲ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಶರಣರು ಬೇಡವೆಂದದ್ದು ಕೂಡಿಡುವ ಆಸೆಯನ್ನು, ಪರರದ್ದನ್ನು ಬಯಸುವ ಆಸೆಯನ್ನು. ತನ್ನೊಳಗಿನ ಶಕ್ತಿಯನ್ನು ಅರಳಿಸುವ ಹಂಬಲವನ್ನು ಅವರು ಬೇಡವೆನ್ನಲಿಲ್ಲ. ನೀನು ಇಂಥವನ ಮಗ, ನಿನ್ನ ಜಾಗ ಇಷ್ಟೇ ಎಂದು ಲೋಕ ಹೇಳುತ್ತಿದ್ದವರನ್ನು ಬಸವಣ್ಣನವರು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹಂಬಲಕ್ಕೆ ಇದಕ್ಕಿಂತ ದೊಡ್ಡ ದೀಕ್ಷೆ ಯಾವುದು? ಆದರೆ ಮಗು ಡಾಕ್ಟರೋ ಇಂಜಿನಿಯರೋ ಆದರೆ ಮಾತ್ರ ಬದುಕು ಎಂಬುದೂ ಒಂದು ಕುರುಡೇ. ತಂದೆಯ ಕಾಯಕವನ್ನು ಕೀಳೆಂದು ಕಲಿಸುವ ಹಂಬಲ ನಮಗೆ ಬೇಡ. ಹತ್ತು ಕಾಯಕಗಳನ್ನು ಕಂಡು, ಹತ್ತನ್ನೂ ಗೌರವಿಸಿ, ತನ್ನದನ್ನು ತಾನೇ ಆರಿಸಿಕೊಳ್ಳುವ ಮಗು ಬೇಕು.

ಇದಕ್ಕೆ ದೂರ ಹೋಗಬೇಕಾಗಿಲ್ಲ. ಭದ್ರಾವತಿ ಶಿವಮೊಗ್ಗಗಳ ನಡುವೆಯೇ ಒಂದು ವಿಶ್ವವಿದ್ಯಾಲಯದಷ್ಟು ಪಾಠವಿದೆ. ಮಾಚೇನಹಳ್ಳಿಯ ಡೈರಿಯಲ್ಲಿ ಹಳ್ಳಿಯ ತಾಯಿ ಕರೆದ ಹಾಲು ಏನಾಗುತ್ತದೆಂದು ನೋಡಲಿ. ಅಡಿಕೆ ಮಂಡಿಯಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ ಎಂದು ಕೈಯಲ್ಲಿ ಹಿಡಿದು ತಿಳಿಯಲಿ. ಭದ್ರಾವತಿಯ ಆಕಾಶವಾಣಿಯಲ್ಲಿ ಧ್ವನಿ ಹೇಗೆ ಮನೆ ಮನೆಗೆ ಹೋಗುತ್ತದೆಂದು ಕೇಳಲಿ. ಶಿವಪ್ಪನಾಯಕನ ಅರಮನೆ, ಸಕ್ರೆಬೈಲಿನ ಆನೆ ಬಿಡಾರ, ಲಕ್ಕವಳ್ಳಿಯ ಅಣೆಕಟ್ಟು, 2023ರಲ್ಲಿ ಸೋಗಾನೆಯಲ್ಲಿ ಆರಂಭವಾದ ವಿಮಾನ ನಿಲ್ದಾಣ, ಒಂದೊಂದೂ ಒಂದೊಂದು ಪುಸ್ತಕ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳಿರಲಿ, ಬಡಗಿ, ಕುಂಬಾರ, ತೋಟಗಾರರ ಬಳಿ ಅವರು ಕಲಿಯಲಿ ಎನ್ನುತ್ತದೆ. ಶರಣರ ಮಾರ್ಗಕ್ಕೆ ಇದು ಹೊಸದಲ್ಲ.

ಆದರೆ ಸುಮ್ಮನೆ ಬಸ್ಸಿನಲ್ಲಿ ಸುತ್ತಿಸಿ ತಂದರೆ ಅನುಭವವಾಗುವುದಿಲ್ಲ. ಮಗು ಕೇಳಬೇಕು, ಕೇಳಿದ್ದಕ್ಕೆ ಕೆಲಸ ಮಾಡುವವನೇ ಉತ್ತರ ಹೇಳಬೇಕು. ಮನೆಗೆ ಬಂದ ರಾತ್ರಿ ತಾಯಿ "ಏನು ನೋಡಿದೆ ಕಂದಾ" ಎಂದು ವಿಚಾರಿಸಬೇಕು. ಮರುದಿನ ಗುರುಗಳು ಅದನ್ನು ಬರೆಸಬೇಕು. ಆಗ ಕಂಡದ್ದು ಒಳಗಿಳಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪ್ರವಾಸದ ದಿನವೇ ಕೆಲವು ಮಕ್ಕಳಿಗೆ ಹೊಟ್ಟೆನೋವು ಬರುತ್ತದೆ. ಅದು ಹೊಟ್ಟೆಯ ನೋವಲ್ಲ. ಮನೆಯಲ್ಲಿ ದುಡ್ಡಿಲ್ಲವೆಂದು ಹೇಳಲಾರದ ನೋವು. ಹೆಣ್ಣುಮಕ್ಕಳನ್ನಂತೂ "ನಿನಗೇಕೆ" ಎಂದು ಮನೆಯಲ್ಲಿಯೇ ಉಳಿಸುತ್ತಾರೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಹೋದ ಅಕ್ಕನನ್ನು ಪೂಜಿಸಿ, ಮಗಳನ್ನು ಕೂಡಲಿಗೂ ಕಳಿಸದಿದ್ದರೆ ಆ ಪೂಜೆ ಅಕ್ಕನಿಗೆ ಮುಟ್ಟೀತೇ?

ನಿಮ್ಮ ಊರಿನ ಜಿ. ಆರ್. ವಿಶ್ವನಾಥ್ ಅವರನ್ನು ನೆನೆಯಿರಿ. 1949ರಲ್ಲಿ ಭದ್ರಾವತಿಯಲ್ಲಿ ಜನಿಸಿದವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಸರದಿಯಲ್ಲಿ ಸೊನ್ನೆ. ಎರಡನೆಯ ಸರದಿಯಲ್ಲಿ 137. ಮಕ್ಕಳಿಗೆ ಆ 137ನ್ನು ಹೇಳುವಾಗ ಸೊನ್ನೆಯನ್ನೂ ಹೇಳಿರಿ. ಬಿದ್ದವನಿಗೆ ಎರಡನೆಯ ಸರದಿ ಉಂಟೆಂದು ತಿಳಿದ ಮಗು ಹೆದರುವುದಿಲ್ಲ.

ಆದುದರಿಂದ ಈ ಶ್ರಾವಣದಲ್ಲಿ ನಿಮ್ಮಲ್ಲಿ ಒಂದು ಕಾಣಿಕೆಯನ್ನು ಬೇಡುತ್ತೇವೆ. ಹಣವಲ್ಲ, ಒಂದು ದಿನ. ಅಂಗಡಿ, ಗದ್ದೆ, ವರ್ಕ್‌ಶಾಪು, ಆಸ್ಪತ್ರೆ, ಛಾಪಖಾನೆ ಯಾವುದಿದ್ದರೂ ವರ್ಷಕ್ಕೊಮ್ಮೆ ಪಕ್ಕದ ಶಾಲೆಯ ಮಕ್ಕಳಿಗೆ ಬಾಗಿಲು ತೆರೆಯಿರಿ. ನಿವೃತ್ತರಾದ ಕಾರ್ಮಿಕ ಹಿರಿಯರೇ, ನಿಮ್ಮ ಕೈಗಳು ಕರಗಿದ ಕಬ್ಬಿಣವನ್ನು ಪಳಗಿಸಿದ ಕೈಗಳು. ಮನೆಯ ಜಗಲಿಯಲ್ಲಿ ಕುಳಿತು ಹಳೆಯ ದಿನಗಳಿಗಾಗಿ ಮರುಗಬೇಡಿರಿ; ಶಾಲೆಗೆ ಹೋಗಿ ಮಕ್ಕಳಿಗೆ ಹೇಳಿರಿ. ಹೊರಡುವ ಮಕ್ಕಳಿಗೆ ಬುತ್ತಿ ಮಠದ ದಾಸೋಹದಿಂದ ಬರುತ್ತದೆ. ದುಡ್ಡಿಲ್ಲವೆಂದು ಒಂದು ಮಗುವೂ ಹಿಂದುಳಿಯಬಾರದು. ಆ ಭಾರ ಮಠದ್ದು.

ಅನ್ನದ ದಾಸೋಹ ಒಂದು ಹೊತ್ತಿನ ಹಸಿವನ್ನು ಕಳೆಯುತ್ತದೆ. ಅನುಭವದ ದಾಸೋಹ ಹೊಸ ಹಸಿವನ್ನು ಹುಟ್ಟಿಸುತ್ತದೆ. ಆ ಒಳ್ಳೆಯ ಹಸಿವು ನಮ್ಮ ಮಕ್ಕಳೆಲ್ಲರಿಗೂ ಹುಟ್ಟಲಿ, ಅದನ್ನು ತಣಿಸುವ ಶಕ್ತಿಯನ್ನು ಬಸವಾದಿ ಪ್ರಮಥರು ನಿಮಗೆ ಕರುಣಿಸಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.