ಸೊಪ್ಪಿನ ಕಂಪು, ಹುಳುವಿನ ಮೂಗು
(ತಿರುವೊಟ್ಟಿಯೂರಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಹುಳುವಿನ ಮಾತೇಕೆಂದು ತಾವು ಕೇಳಬಹುದು. ಕಾಂಚೀಪುರದ ಮಗ್ಗಗಳಿಗೆ ರೇಷ್ಮೆಯ ನೂಲು ಬಹುಕಾಲದಿಂದ ನಮ್ಮ ಕನ್ನಡ ಸೀಮೆಯಿಂದ ಬರುತ್ತಿದೆಯಷ್ಟೆ. ಆ ಸೀರೆಯುಟ್ಟ ತಾಯಂದಿರು ಮುಡಿದಿರುವ ಮಲ್ಲಿಗೆಗೂ ರೇಷ್ಮೆಯ ಹುಳುವಿಗೂ ಒಂದು ನಂಟಿದೆ. ಅದನ್ನು ಹೇಳಲೆಂದೇ ನಾವು ನಿಂತಿದ್ದೇವೆ.

ಜ್ವರದಿಂದೆದ್ದ ಹುಳು ಹಿಪ್ಪುನೇರಳೆ ಸೊಪ್ಪಿನತ್ತಲೇ ಹರಿಯುವುದನ್ನು ರಾಮನಗರ, ಶಿಡ್ಲಘಟ್ಟಗಳ ಕಡೆಯವರು ಕಣ್ಣಾರೆ ಕಂಡಿರುತ್ತೀರಿ. ಇದರ ಗುಟ್ಟು 2009ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಸಿಕ್ಕಿತು. ಆ ಸೊಪ್ಪು ಸೂಸುವ ಹಲವು ವಾಸನೆಗಳಲ್ಲಿ ಸಿಸ್-ಜಾಸ್ಮೋನ್ ಎಂಬುದೊಂದು. ಇರುವುದು ಅತ್ಯಲ್ಪ, ಆದರೆ ಹುಳುವನ್ನು ಬಲವಾಗಿ ಸೆಳೆಯುವುದು ಅದೇ. ಮಲ್ಲಿಗೆಯ ಜಾತಿಯ ಹೂಗಳ ಕಂಪಿನಲ್ಲಿಯೂ ಅದು ಇದೆ. ಹೆಸರು ಬಂದದ್ದೂ ಅಲ್ಲಿಂದಲೇ.

ಹುಳುವಿಗೆ ಮೂಗೆಲ್ಲಿ? ಕುಡಿಮೀಸೆಯೇ ಅದರ ಮೂಗು. ಹುಳು ಪತಂಗವಾದಾಗ ಈ ಮೀಸೆ ಬಾಚಣಿಗೆಯಂತೆ ಕವಲೊಡೆದಿರುತ್ತದೆ. ಅದರ ಮೇಲೆ ಸೂಕ್ಷ್ಮ ರೋಮಗಳು. ರೋಮಕ್ಕೆ ವಂದರಿಯಂತೆ ತೂತುಗಳು. ವಾಸನೆಯ ಕಣ ತೂತಿನಿಂದ ಒಳಹೊಕ್ಕರೆ ಅಲ್ಲಿ ನೀರಿನಂಥ ದ್ರವ. ಕಣವೋ ಎಣ್ಣೆಯ ಜಾತಿ, ನೀರಿನಲ್ಲಿ ಬೆರೆಯದು. ಆಗ ಒಂದು ಬಗೆಯ ಪ್ರೋಟೀನು ಅದನ್ನು ಹರಿಗೋಲಿನಂತೆ ಹತ್ತಿಸಿಕೊಂಡು ದಾಟಿಸುತ್ತದೆ. ಆಚೆ ದಡದಲ್ಲಿ ನರದ ತುದಿ, ಅದರ ಹೊರಪದರದಲ್ಲಿ ಗ್ರಾಹಕಗಳು. ಗ್ರಾಹಕವೆಂದರೆ ಬೀಗ ಹಾಕಿದ ತೂಬು ಎನ್ನಿ. ಹೊಂದುವ ಕಣ ಬಂದು ಕೂತಿತೋ, ತೂಬು ತೆರೆದು ವಿದ್ಯುದಂಶವುಳ್ಳ ಕಣಗಳು ಒಳನುಗ್ಗುತ್ತವೆ. ನರವು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಸಿಸ್-ಜಾಸ್ಮೋನಿನ ಗ್ರಾಹಕಕ್ಕೆ ಆ ಪಂಡಿತರು ಇಟ್ಟ ಹೆಸರು ಬಿಎಂಓಆರ್ 56. ಇದಕ್ಕಿಂತ ರಸಹೀನವಾದ ಹೆಸರು ಅವರಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ!

ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದು ರೇಷ್ಮೆಯ ಪತಂಗ ಹಾರುವುದನ್ನೇ ಮರೆತಿದೆ. ವಾಸನೆಯನ್ನು ಮರೆತಿಲ್ಲ. ಹೆಣ್ಣಿನ ಕಂಪು ತಾಗಿದರೆ ಗಂಡು ಈಗಲೂ ರೆಕ್ಕೆ ಬಡಿಯುತ್ತ ಸುತ್ತುತ್ತದೆ. ಜರ್ಮನಿಯ ಬೂಟೆನಾಂಟ್ ಅವರು 1959ರಲ್ಲಿ ಆ ಕಂಪಿನ ದ್ರವ್ಯವನ್ನು ಬೇರ್ಪಡಿಸಿ ತೋರಿಸಿದರು. ಅದಕ್ಕೆ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳು ಬೇಕಾದವು, ಪಾಪ.

ಇದು ಸಾಕಿದ ಪತಂಗದ ಮಾತಾಯಿತು. ಸಾಕದ ಪತಂಗಗಳು ಕತ್ತಲಲ್ಲಿ ದೂರದಿಂದಲೇ ಹೂವಿನ ಜಾಡು ಹಿಡಿದು ಬರಬೇಕು. ಅವಕ್ಕೊಂದು ಕಷ್ಟ ಒದಗಿದೆ. ವಾಹನಗಳ ಹೊಗೆಯ ದೆಸೆಯಿಂದ ಇರುಳಿನ ಗಾಳಿಯಲ್ಲಿ ನೈಟ್ರೇಟ್ ರ‍್ಯಾಡಿಕಲ್ ಎಂಬ ವಸ್ತು ಹುಟ್ಟಿ ಹೂವಿನ ಕಂಪನ್ನು ಒಡೆದುಹಾಕುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಕಾಡುಹೂವಿನ ಮೇಲೆ ಮಾಡಿದ ಪರೀಕ್ಷೆಯ ವಿವರ 2024ರಲ್ಲಿ ಪ್ರಕಟವಾಯಿತು. ಹೀಗೆ ಒಡೆದ ಕಂಪಿನ ಹೂವಿಗೆ ಪತಂಗಗಳ ಬರವು ನೂರಕ್ಕೆ 70ರಷ್ಟು ಇಳಿಯಿತಂತೆ. ಮೀಸೆಯೂ ಇದೆ, ಗ್ರಾಹಕವೂ ಇದೆ. ತೂಬಿನವರೆಗೆ ಬರಬೇಕಾದ ಕಣವೇ ದಾರಿಯಲ್ಲಿ ಅಳಿದುಹೋಗುತ್ತದೆ.

ಎಣ್ಣೂರು ರಸ್ತೆಯಲ್ಲಿ ಇರುಳೆಲ್ಲ ಬಂದರಿನ ಲಾರಿಗಳ ಸಾಲನ್ನು ನೋಡುವ ನಮಗೆ ಇದು ದೂರದ ಸುದ್ದಿಯಲ್ಲ. ಬರುವ ಬೇಸಗೆಯಲ್ಲಿ ಮಹಡಿಯ ಮೇಲಿನ ಮಲ್ಲಿಗೆಯ ಕುಂಡ ಅರಳಿದಾಗ, ಊಟವಾದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ ದೀಪವಾರಿಸಿ ಅರ್ಧ ಗಂಟೆ ಕುಳಿತಿರಿ. ಎಷ್ಟು ಪತಂಗ ಬಂದವೆಂದು ಎಣಿಸಿ ನಮಗೂ ತಿಳಿಸಿರಿ.